ಲೈಟ್ ಕೇಳೋಕೆ ಬಂದವರಿಗೆ ಮಣ್ಣಿನ ಮಾತು

ಮಂಡ್ಯದಲ್ಲಿ ನಮ್ಮದೊಂದು ಎಲೆಕ್ಟ್ರಿಕಲ್ ಅಂಗಡಿ. ವೈರು, ಸ್ವಿಚ್ಚು, ಎಂಸಿಬಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ಬೇಸಿಗೆ ಬಂದರೆ ಫ್ಯಾನು. ಕೌಂಟರಿನ ಪಕ್ಕ ಎರಡಡಿಯ ಒಂದು ಮೀನಿನ ತೊಟ್ಟಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಬುರುಡೆ, ನೀಲಿ ಕಲ್ಲು ಯಾವುದೂ ಅದರಲ್ಲಿಲ್ಲ. ಜೀವಂತ ಗಿಡಗಳು, ಅವುಗಳ ಸಂದಿಯಲ್ಲಿ ಒಂದಷ್ಟು ಗಪ್ಪಿ ಮೀನು. ಬಿಲ್ ಹಾಕಿಸುವಾಗ ಜನ ಅದನ್ನು ಬಗ್ಗಿ ನೋಡುತ್ತಾರೆ. ಆಮೇಲೆ ಹೆಚ್ಚೂಕಮ್ಮಿ ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣ, ಇದಕ್ಕೆ ಯಾವ ಲೈಟ್ ಹಾಕಿದೀರ? ನಂಗೂ ಅದೇ ಕೊಡಿ."

ಕೊಟ್ಟು ದುಡ್ಡು ಇಸ್ಕೊಂಡರೆ ನನ್ನ ವ್ಯಾಪಾರ ಮುಗಿಯಿತು. ಆದರೆ ನಾನು ವಾಪಸ್ ಕೇಳುತ್ತೇನೆ: "ತಳಕ್ಕೆ ಏನು ಹಾಕಿದೀರ?" ಬಹಳ ಜನರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಲೈಟ್ ಕೇಳಿದರೆ ಇವನ್ಯಾಕೆ ಕಲ್ಲು ಮಣ್ಣು ಅಂತಾನೆ ಅಂತ. ಪ್ರತಿಯೊಬ್ಬರಿಗೂ ನಿಂತು ಹೇಳುವಷ್ಟರಲ್ಲಿ ಹಿಂದಿನ ಗಿರಾಕಿ ಗೊಣಗಲು ಶುರು ಮಾಡಿರುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಬೆಳಕು ಜಾಸ್ತಿ ಕೊಟ್ಟರೆ ಗಿಡ ಜಾಸ್ತಿ ಊಟ ಕೇಳುತ್ತದೆ. ಊಟ ಸಿಗದಿದ್ದರೆ ಗಿಡ ನಿಂತುಹೋಗುತ್ತದೆ, ಪಾಚಿಗೆ ಹಬ್ಬ. ಇದರ ಉಲ್ಟಾ ಕೂಡ ನಿಜ. ತಳಕ್ಕೆ ಕೊಬ್ಬಿದ ಮಣ್ಣು ಹಾಕಿ ಮೇಲೆ ಮಂಕು ದೀಪ ಹಚ್ಚಿದರೆ ಮಣ್ಣೇ ಕೊಳೆಯುತ್ತದೆ. ಅದಕ್ಕೆ ಲೈಟನ್ನು ಕೊನೆಯಲ್ಲಿ ಕೊಳ್ಳಬೇಕು. ಮೊದಲು ಯಾವ ಗಿಡ ಅಂತ ತೀರ್ಮಾನ, ಆಮೇಲೆ ತಳ, ಆಮೇಲೆ ಲೈಟ್. ನಮ್ಮ ಜನ ಮಾಡೋದು ಸರಿಯಾಗಿ ತಿರುಗುಮುರುಗು.

ಗಿಡದ ವಿಷಯ ಬೇಗ ಮುಗಿಸುತ್ತೇನೆ. ಜಾವಾ ಫರ್ನ್, ಅನುಬಿಯಾಸ್, ಜಾವಾ ಮಾಸ್ ಇವಕ್ಕೆ ಮಣ್ಣೇ ಬೇಡ. ದಾರದಲ್ಲಿ ಕಟ್ಟಿಗೆಗೋ ಕಲ್ಲಿಗೋ ಕಟ್ಟಿ ಬಿಟ್ಟರೆ ಸಾಕು. ಫರ್ನ್ ಮತ್ತು ಅನುಬಿಯಾಸ್‌ನ ಅಡ್ಡಡ್ಡ ಹೋಗುವ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಇವಕ್ಕೆ ಕಡಿಮೆ ಬೆಳಕು ಸಾಕು. ಇಂಥವಷ್ಟೇ ಸಾಕು ಅನ್ನುವವರು ಮಣ್ಣಿನ ಪುರಾಣ ಬಿಟ್ಟು ನೇರ ಲೈಟಿನ ಭಾಗಕ್ಕೆ ಹೋಗಬಹುದು. ಕ್ರಿಪ್ಟೊಕೊರೈನ್, ಅಮೆಜಾನ್ ಸ್ವೋರ್ಡ್ ಬೇರಿನಿಂದ ಚೆನ್ನಾಗಿ ಉಣ್ಣುವ ಗಿಡಗಳು, ಇವಕ್ಕೆ ತಳ ಮುಖ್ಯ. ರೊಟಾಲ, ಲುಡ್ವಿಜಿಯ, ಹೈಗ್ರೊಫಿಲ ಥರದ ಕಡ್ಡಿ ಗಿಡಗಳು ಬೇರಿಂದಲೂ ತಗೊಳ್ಳುತ್ತವೆ, ಎಲೆಯಿಂದ ನೀರಿನಲ್ಲಿದ್ದದ್ದನ್ನೂ ಹೀರುತ್ತವೆ. ಅವು ಕೆಂಪಗೆ ಆಗಬೇಕು ಅಂದರೆ ಬೆಳಕು ಜೋರಾಗಿರಬೇಕು.

ಇಲ್ಲೊಂದು ತಮಾಷೆ ಇದೆ. ರೊಟಾಲ, ಲುಡ್ವಿಜಿಯ, ನಾಲ್ಕೆಲೆಯ ಮಾರ್ಸಿಲಿಯ ಇವುಗಳ ಜಾತಿಯವು ಭತ್ತದ ಗದ್ದೆಯ ಕಳೆಗಳು. ವಿಶ್ವೇಶ್ವರಯ್ಯ ನಾಲೆಯ ನೀರು ಉಣ್ಣುವ ಗದ್ದೆಗೆ ಇಳಿದರೆ ಬದುವಿನ ಪಕ್ಕದಲ್ಲೇ ಸಿಗುತ್ತವೆ. ನಮ್ಮ ದೊಡ್ಡಪ್ಪ ಕೂಲಿ ಕೊಟ್ಟು ಕೀಳಿಸುತ್ತಾರೆ. ಅದೇ ಕುಲದ ಗಿಡ ಬೆಂಗಳೂರಿನ ಅಂಗಡಿಯಲ್ಲಿ ಬೆರಳುದ್ದ ಕುಂಡದಲ್ಲಿ ಕೂತು ನೂರಾರು ರೂಪಾಯಿಗೆ ಹೋಗುತ್ತದೆ. ಸ್ಟಾರ್ಟರ್ ರಿಪೇರಿಗೆ ಅಂತ ಅಂಗಡಿಗೆ ಬಂದಿದ್ದ ದೊಡ್ಡಪ್ಪ ತೊಟ್ಟಿ ಮುಂದೆ ನಿಂತು, "ಅಲ್ಲ ಕಣ್ಲಾ, ನಾವು ಕಿತ್ತು ಬದಿಗೆ ಎಸೆಯೋದ್ನ ನೀನು ಕರೆಂಟು ಸುಟ್ಟು ಸಾಕ್ತಾ ಇದೀಯಲ್ಲ!" ಅಂದರು. ಜೊತೆಗಿದ್ದ ಗಿರಾಕಿಗಳ ಮುಂದೆ ನನ್ನ ಮರ್ಯಾದೆ ಅಷ್ಟಕ್ಕಷ್ಟೆ.

ಗದ್ದೆಯಿಂದ ತಂದು ಹಾಕಬಹುದಾ ಅಂತ ಕೇಳುತ್ತೀರ. ಹಾಕಬಹುದು, ಆದರೆ ನೇರವಾಗಿ ಬೇಡ. ಗದ್ದೆಗೆ ಕಳೆನಾಶಕ, ಕೀಟನಾಶಕ ಹೊಡೆದಿರುತ್ತಾರೆ. ತೊಟ್ಟಿಯಲ್ಲಿ ಸಿಗಡಿ ಇದ್ದರೆ ಮೊದಲು ಹೋಗುವುದು ಅದೇ. ಕೆಲವು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೀರು ಬದಲಿಸುತ್ತಾ ಇರಬೇಕು. ಇನ್ನೊಂದು, ಗಾಳಿಯಲ್ಲಿ ಬೆಳೆದ ಎಲೆ ನೀರೊಳಗೆ ಬಾಳುವುದಿಲ್ಲ. ಅದು ಉದುರಿ, ಬೇರೆ ಆಕಾರದ ತೆಳು ಎಲೆ ಬರುತ್ತದೆ. ಗಿಡ ಸತ್ತಿತು ಅಂತ ಕಿತ್ತು ಬಿಸಾಕಬೇಡಿ.

ಈಗ ತಳ. ಅಕ್ವೇರಿಯಂ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಬಳಿದ ಕಲ್ಲು. ನೀಲಿ, ಗುಲಾಬಿ, ಗಿಳಿಹಸಿರು. ಗಿಡಕ್ಕೆ ಅದರಿಂದ ಏನೂ ಉಪಯೋಗವಿಲ್ಲ, ಕಣ್ಣಿಗೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದರ ಪಕ್ಕದಲ್ಲಿ ಬಿಳಿ ಚಿಪ್ಸ್ ಇರುತ್ತದೆ, ನೋಡಲು ಚೆಂದ. ಅದನ್ನು ಕೊಳ್ಳುವ ಮುಂಚೆ ಒಂದು ಹಿಡಿ ಕೇಳಿ ತಗೊಂಡು ಮನೆಗೆ ಬನ್ನಿ. ಸ್ಟೀಲ್ ಮುಚ್ಚಳದ ಮೇಲೆ ನಾಲ್ಕು ಕಲ್ಲು ಇಟ್ಟು ಅಡುಗೆಮನೆಯ ವಿನೆಗರ್ ತೊಟ್ಟು ತೊಟ್ಟಾಗಿ ಬಿಡಿ. ಮಾರ್ಬಲ್ ಆಗಿದ್ದರೆ ಕಲ್ಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಸಾಲಾಗಿ ಏಳುತ್ತವೆ. ಕಿವಿ ಹತ್ತಿರ ಹಿಡಿದರೆ ಸೋಡಾ ಬಾಟಲಿ ತೆಗೆದ ಹಾಗೆ ಸುಯ್ ಅನ್ನುತ್ತದೆ. ಅಂದರೆ ಅದರಲ್ಲಿ ಸುಣ್ಣ ಇದೆ, ನಿಧಾನವಾಗಿ ಕರಗಿ ನೀರಿನ ಗಡಸುತನ ಏರಿಸುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಮೊದಲೇ ಗಡಸು. ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು, ಎಷ್ಟು ದಪ್ಪ ಬಿಳಿ ಪದರ ಕಟ್ಟಿರುತ್ತದೆ ಅಂತ. ಅದಕ್ಕೆ ಇನ್ನಷ್ಟು ಸುಣ್ಣ ಯಾಕೆ?

ಹಾಗಾದರೆ ಏನು ಹಾಕಬೇಕು? ಹೊಳೆ ಮರಳು ಸಿಕ್ಕರೆ ಚೆನ್ನಾಗಿರುತ್ತದೆ. ಈಗ ಮನೆ ಕಟ್ಟುವವರೆಲ್ಲ ಎಂ ಸ್ಯಾಂಡಿಗೆ ಹೋಗಿದ್ದಾರೆ, ಹೊಳೆ ಮರಳು ಹಳೇ ಮನೆಗಳ ಹಿತ್ತಲಲ್ಲಿ ಮಿಕ್ಕಿದ್ದು ಮಾತ್ರ ಕಾಣುವುದು. ಎಂ ಸ್ಯಾಂಡ್ ಅಂದರೆ ಕಲ್ಲು ಅರೆದ ಪುಡಿ. ಗ್ರಾನೈಟಿನದ್ದಾದರೆ ನೀರಿಗೆ ಏನೂ ಬಿಡುವುದಿಲ್ಲ, ವಿನೆಗರಿಗೂ ಜಗ್ಗುವುದಿಲ್ಲ. ಅದರ ತೊಂದರೆ ಎರಡು. ಧೂಳು ವಿಪರೀತ, ಅಂಚು ಚೂಪು. ಧೂಳಿಗೆ ಮದ್ದು ಹಿಟ್ಟಿನ ಜರಡಿ ಮತ್ತು ತಾಳ್ಮೆ. ಜರಡಿ ಹಿಡಿದು ಸಣ್ಣದನ್ನು ಬಿಟ್ಟು, ಒಂದರಿಂದ ಮೂರು ಮಿಲಿಮೀಟರ್ ಕಾಳು ಉಳಿಸಿಕೊಳ್ಳಬೇಕು. ಆಮೇಲೆ ಬಕೆಟ್ಟಿನಲ್ಲಿ ಪೈಪ್ ಬಿಟ್ಟು, ಮೇಲಿನ ನೀರು ತಿಳಿಯಾಗುವವರೆಗೂ ಕಲಕಿ ಚೆಲ್ಲುತ್ತಿರಬೇಕು. ಚೂಪಿಗೆ ಮದ್ದಿಲ್ಲ. ಮೀಸೆಯಿಂದ ತಳ ಕೆದಕಿ ತಿನ್ನುವ ಕೋರಿ ಮೀನು ಸಾಕುವವರು ಎಂ ಸ್ಯಾಂಡ್ ಹಾಕಬೇಡಿ.

ಎಷ್ಟು ಬೇಕು ಅಂತ ಲೆಕ್ಕ ಸುಲಭ. ಎರಡಡಿ ಉದ್ದ ಒಂದಡಿ ಅಗಲದ ತೊಟ್ಟಿ ಅಂದರೆ 60 ಸೆಂಟಿಮೀಟರ್ 30 ಸೆಂಟಿಮೀಟರ್. ಎರಡು ಇಂಚು ದಪ್ಪಕ್ಕೆ ಸುಮಾರು 9 ಲೀಟರ್ ಮರಳು, ತೂಕದಲ್ಲಿ 14 ಕೆಜಿ ಆಸುಪಾಸು. ಗಾರೆ ಕೆಲಸದವರ ಲೆಕ್ಕದಲ್ಲಿ ಹೆಚ್ಚೂಕಮ್ಮಿ ಒಂದು ಬಾಂಡ್ಲಿ. ಮುಂದೆ ಎರಡಿಂಚು, ಹಿಂದೆ ಮೂರೂವರೆ ಅಂತ ಇಳಿಜಾರು ಕೊಟ್ಟರೆ ನೋಡಲು ಆಳ ಕಾಣುತ್ತದೆ, ಹಿಂದಿನ ದೊಡ್ಡ ಗಿಡಕ್ಕೆ ಬೇರು ಬಿಡಲು ಜಾಗವೂ ಆಗುತ್ತದೆ.

ಬರೀ ಮರಳಿನಲ್ಲಿ ಊಟ ಇಲ್ಲ. ಅದಕ್ಕೆ ಎರಡು ದಾರಿ. ಒಂದು, ಬೇರಿನ ಬುಡಕ್ಕೆ ಗೊಬ್ಬರದ ಮಾತ್ರೆ ಚುಚ್ಚುವುದು. ಇನ್ನೊಂದು, ಮರಳಿನ ಕೆಳಗೆ ಮಣ್ಣು ಹಾಸುವುದು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಎಂಬಾಕೆ ಹೆಸರುವಾಸಿ ಮಾಡಿದ ವಿಧಾನ ಈ ಎರಡನೆಯದು. ಒಂದಿಂಚು ಮಾಮೂಲಿ ತೋಟದ ಮಣ್ಣು, ಅದರ ಮೇಲೆ ಒಂದಿಂಚು ಸಣ್ಣ ಜಲ್ಲಿ, ಗಿಡ ಒತ್ತಾಗಿ, ಲೈಟ್ ಸಾಧಾರಣ. ನನ್ನ ತೊಟ್ಟಿಯೂ ಇದೇ ಜಾತಿ.

ಯಾವ ಮಣ್ಣು ಅನ್ನುವುದರಲ್ಲಿ ದೊಡ್ಡಪ್ಪನೇ ನನಗೆ ಗುರು. ನಾನು ಕೆರೆ ಗೋಡು ತರೋಣ ಅಂದಿದ್ದಕ್ಕೆ ಬೇಡವೇ ಬೇಡ ಅಂದರು. ಹೊಲಕ್ಕೆ ಗೋಡು ಹೊಡೆಯುವುದು ಬೇರೆ, ಅಲ್ಲಿ ಬಿಸಿಲು ಗಾಳಿ ಆಡುತ್ತದೆ. ನೀರೊಳಗೇ ಬಿದ್ದಿರುವ ಜಾಗಕ್ಕೆ ಅಷ್ಟು ನುಣುಪಾದ, ಕೊಳೆತ ಎಲೆ ತುಂಬಿದ ಮಣ್ಣು ಹಾಕಿದರೆ ಒಳಗೆ ಉಸಿರುಕಟ್ಟುತ್ತದೆ. ಹಸಿ ಕೊಟ್ಟಿಗೆ ಗೊಬ್ಬರವೂ ಬೇಡ. ಯೂರಿಯಾ ಹಾಕಿದ ಹೊಲದ ಮಣ್ಣು ಅಂತೂ ಬೇಡವೇ ಬೇಡ, ಯೂರಿಯಾ ಅಮೋನಿಯಾ ಆಗುತ್ತದೆ, ಮೀನು ಸಾಯುತ್ತವೆ.

ಸಿಕ್ಕಿದ್ದು ಬದುವಿನ ಕೆಂಪು ಮಣ್ಣು. ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಕಿಟಕಿ ಪಕ್ಕ ಇಟ್ಟುಬಿಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಕೆಲವು ಗಂಟೆಯಲ್ಲಿ ಅದರ ಮೇಲೆ ನುಣುಪಾದ ಗೋಡಿನ ಪದರ. ಜೇಡಿ ಮಾರನೇ ದಿನಕ್ಕೂ ನೀರಿನಲ್ಲೇ ತೇಲುತ್ತಾ ಕೆಂಪು ಮಬ್ಬು ಕವಿಸಿರುತ್ತದೆ. ಕಸ, ಬೇರಿನ ಚೂರು, ಒಣ ಹುಲ್ಲು ಮೇಲೆ ತೇಲುತ್ತದೆ, ಅದನ್ನು ತೆಗೆದು ಬಿಸಾಕಬೇಕು. ಅರ್ಧಕ್ಕಿಂತ ಜಾಸ್ತಿ ಮರಳು, ಉಳಿದದ್ದು ಗೋಡು ಜೇಡಿ ಅಂತ ಇದ್ದರೆ ಅಕ್ವೇರಿಯಂಗೆ ಹೇಳಿ ಮಾಡಿಸಿದ ಮಣ್ಣು.

ಕೆಂಪು ಮಣ್ಣಿನಲ್ಲಿ ಕಬ್ಬಿಣ ಧಾರಾಳ. ಆದರೆ ಅದರ ಜೇಡಿ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಸೋಮಾರಿ. ಎರೆ ಮಣ್ಣಿನ ಜೇಡಿ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಹಿಡಿದಿಡುತ್ತದೆ. ಅದಕ್ಕೆ ಕೆಂಪು ಮಣ್ಣಿಗೆ ಒಂದೆರಡು ಹಿಡಿ ಎರೆ ಮಣ್ಣು ಬೆರೆಸುತ್ತೇನೆ. ಬರೀ ಎರೆ ಮಣ್ಣು ಹಾಕಿದರೆ ಗಿಡ ಕೀಳುವಾಗಲೆಲ್ಲ ತೊಟ್ಟಿ ತುಂಬ ಕದಡು. ಈ ಮಿಶ್ರಣವನ್ನು ತಾರಸಿ ಮೇಲೆ ಹರಡಿ, ನೀರು ಹಾಕಿ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಒಣಗಿಸಬೇಕು. ಹೀಗೆ ಕೆಲವು ಸಲ ಮಾಡಿದರೆ ಮಣ್ಣಿನಲ್ಲಿರುವ ಹಸಿ ಸಾವಯವ ಪದಾರ್ಥವನ್ನು ಸೂಕ್ಷ್ಮಜೀವಿಗಳು ಅರಗಿಸಿಬಿಡುತ್ತವೆ. ತೊಟ್ಟಿಗೆ ಹೋದ ಮೇಲೆ ಅಮೋನಿಯಾ ಕಾಟ ಕಡಿಮೆ. ಮಂಡ್ಯದ ಏಪ್ರಿಲ್ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಈಗ ಅಸಲು ವಿಷಯ. ಮಣ್ಣಿಗೂ ಲೈಟಿಗೂ ಏನು ಸಂಬಂಧ?

ಮಣ್ಣಿನ ಮೇಲೆ ನೀರು ನಿಂತ ಕೂಡಲೇ ಗಾಳಿ ಒಳಗೆ ಹೋಗುವುದು ಹೆಚ್ಚೂಕಮ್ಮಿ ನಿಂತೇ ಹೋಗುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಇದ್ದಷ್ಟು ಆಮ್ಲಜನಕ ಮುಗಿಸಿ, ಆಮೇಲೆ ನೈಟ್ರೇಟಿಗೆ ಕೈ ಹಾಕುತ್ತವೆ, ಅದು ಮುಗಿದರೆ ಕಬ್ಬಿಣದ ಆಕ್ಸೈಡಿಗೆ, ಅದೂ ಆದ ಮೇಲೆ ಸಲ್ಫೇಟಿಗೆ. ಕಬ್ಬಿಣದ ಹಂತದವರೆಗೆ ಗಿಡಕ್ಕೆ ಲಾಭ. ಕೆಂಪು ಮಣ್ಣಿನಲ್ಲಿ ತುಕ್ಕಾಗಿ ಕೂತಿದ್ದ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರಿಗೆ ಸಿಗುತ್ತದೆ. ಸಲ್ಫೇಟಿನ ಹಂತ ಮುಟ್ಟಿದರೆ ಕಷ್ಟ. ಆಗ ಬರುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ. ಬೇರಿಗೂ ವಿಷ, ಮೀನಿಗೂ ವಿಷ.

ಭತ್ತ ಇದನ್ನು ಹೇಗೆ ತಡೆದುಕೊಳ್ಳುತ್ತದೆ? ನಾಟಿ ಮಾಡಿ ಸ್ವಲ್ಪ ದಿನವಾದ ಪೈರನ್ನು ಬೇರು ಸಮೇತ ಎತ್ತಿ, ನಾಲೆ ನೀರಲ್ಲಿ ಕೆಸರು ತೊಳೆದು ನೋಡಿ. ಹಳೇ ಬೇರಿಗೆಲ್ಲ ತುಕ್ಕಿನ ಬಣ್ಣದ ತೆಳು ಲೇಪ ಹತ್ತಿರುತ್ತದೆ. ಹೊಸ ತುದಿ ಮಾತ್ರ ಬೆಳ್ಳಗೆ. ಭತ್ತದ ಕಾಂಡದೊಳಗೆ ಗಾಳಿ ಓಡಾಡುವ ಕೊಳವೆಗಳಿವೆ. ಎಲೆಯ ಕಡೆಯಿಂದ ಆಮ್ಲಜನಕ ಬೇರಿಗೆ ಇಳಿಯುತ್ತದೆ, ಬೇರಿನಿಂದ ಸ್ವಲ್ಪ ಮಣ್ಣಿಗೂ ಸೋರುತ್ತದೆ. ಕರಗಿದ ಕಬ್ಬಿಣ ಆ ಆಮ್ಲಜನಕಕ್ಕೆ ಸಿಕ್ಕಿ ಮತ್ತೆ ತುಕ್ಕಾಗಿ ಬೇರಿಗೆ ಅಂಟುತ್ತದೆ. ನನ್ನ ತೊಟ್ಟಿಯಲ್ಲಿ ಕ್ರಿಪ್ಟೊಕೊರೈನ್ ಬೇರೆ ಮಾಡಿ ನೆಡುವಾಗ ಬೇರು ಬೆರಳಲ್ಲಿ ಉಜ್ಜಿದರೆ ಅದೇ ಕಂದು ಲೇಪ, ಅದೇ ಬಿಳಿ ತುದಿ. ಬೇರು ಕರ್ರಗಿದ್ದು, ಕೈಗೆ ಮೊಟ್ಟೆ ವಾಸನೆ ಅಂಟಿದರೆ ಮಾತ್ರ ಯೋಚನೆ ಮಾಡಬೇಕು.

ನೀರೊಳಗೇ ಮುಳುಗಿರುವ ಗಿಡಕ್ಕೆ ಮೇಲಿಂದ ಗಾಳಿ ಸಿಗುವುದಿಲ್ಲ. ಬೇರಿಗೆ ಇಳಿಸುವ ಆಮ್ಲಜನಕವನ್ನು ಬಹುಪಾಲು ಅದೇ ತಯಾರಿಸಿಕೊಳ್ಳಬೇಕು. ತಯಾರಾಗುವುದು ಬೆಳಕಿನಿಂದ. ಲೈಟ್ ಸಾಲದಿದ್ದರೆ ಗಿಡ ಮಾತ್ರ ಸೊರಗುವುದಿಲ್ಲ, ಮಣ್ಣಿನ ಉಸಿರೂ ನಿಲ್ಲುತ್ತದೆ. ಲೈಟ್ ಕೇಳಿದರೆ ನಾನು ಮಣ್ಣು ಕೇಳುವುದು ಇದಕ್ಕೇ. ಮಣ್ಣು ಹಾಕಿದವರಿಗೆ ತೀರಾ ಮಂಕು ಬೆಳಕು ಕೊಟ್ಟು ಕಳಿಸಲಾರೆ. ಬರೀ ಮರಳು ಹಾಕಿ ಗೊಬ್ಬರ ಇಡದವರಿಗೆ ಜೋರು ಬೆಳಕು ಕೊಟ್ಟರೆ ಮುಂದಿನ ತಿಂಗಳು ಗಾಜಿನ ಮೇಲೆ ಹಸಿರು ಪಾಚಿ ತೋರಿಸಲು ಫೋಟೋ ಹಿಡಿದು ಬರುತ್ತಾರೆ.

ಅಕ್ವಾ ಸಾಯಿಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಸುಟ್ಟ ಮಣ್ಣಿನ ಕಪ್ಪು ಕಾಳು, ಒಳಗೆ ಗೊಬ್ಬರ. ಜಪಾನಿನ ತಕಾಶಿ ಅಮಾನೊ 1982ರಲ್ಲಿ ಶುರು ಮಾಡಿದ ಎಡಿಎ ಕಂಪನಿಯ ಅಮೆಜೋನಿಯಾ ಈ ಪೈಕಿ ಹೆಸರುವಾಸಿ. ಕಾಳು ಒತ್ತಿಕೊಳ್ಳುವುದಿಲ್ಲ, ಬೇರು ಸಲೀಸಾಗಿ ಇಳಿಯುತ್ತದೆ, ನೀರಿನ ಗಡಸುತನವನ್ನು ಹೀರಿ ಪಿಎಚ್ ಇಳಿಸುತ್ತದೆ. ಮೊದಲ ಕೆಲವು ವಾರ ಅಮೋನಿಯಾ ಬಿಡುತ್ತದೆ, ಆಗ ನೀರು ಜಾಸ್ತಿ ಬದಲಿಸಬೇಕು. ದುಡ್ಡಿದ್ದರೆ ಒಳ್ಳೆಯ ವಸ್ತು. ಆದರೆ ಮಂಡ್ಯದ ಬೋರ್‌ವೆಲ್ ನೀರಿಗೆ ಇದನ್ನು ಹಾಕುವುದು ನನ್ನ ಪ್ರಕಾರ ದುಡ್ಡು ದಂಡ. ವಾರ ವಾರ ಗಡಸು ನೀರು ಸುರಿಯುತ್ತಿದ್ದರೆ ಅದರ ಹೀರುವ ಶಕ್ತಿ ಬೇಗ ಮುಗಿಯುತ್ತದೆ. ಗಡಸು ನೀರಿಗೆ ಹೊಂದುವ ಗಿಡ ಹಾಕುವುದು ಜಾಣತನ. ವ್ಯಾಲಿಸ್ನೇರಿಯ, ಹೈಡ್ರಿಲ್ಲಾ ಇಂಥವು ಗಡಸು ನೀರಿನಲ್ಲಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುತ್ತವೆ. ಎಲ್ಲ ಗಿಡಕ್ಕೂ ಈ ವಿದ್ಯೆ ಬರುವುದಿಲ್ಲ. ನಗರಸಭೆಯ ಕಾವೇರಿ ನೀರು ಬರುವವರಿಗೆ ಇಷ್ಟು ತಲೆಬಿಸಿ ಇಲ್ಲ, ಕ್ಲೋರಿನ್ ಹೋಗಿಸಿ ಹಾಕಿದರೆ ಸರಿ.

ಇನ್ನು ನನ್ನ ಸ್ವಂತ ವ್ಯಾಪಾರಕ್ಕೆ ಬರುತ್ತೇನೆ.

"ಎಷ್ಟು ವ್ಯಾಟ್ ಬೇಕು?" ಅಂತ ಕೇಳುವವರು ಈಗಲೂ ಬರುತ್ತಾರೆ. ಗ್ಯಾಲನ್ನಿಗೆ ಇಷ್ಟು ವ್ಯಾಟ್ ಅನ್ನುವ ಲೆಕ್ಕ ಹಳೇ ಟ್ಯೂಬ್‌ಲೈಟ್ ಕಾಲದ್ದು. ವ್ಯಾಟ್ ಅಂದರೆ ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಎಷ್ಟು ಬೆಳಕು ಕೊಡುತ್ತದೆ ಅಂತ ಅಲ್ಲ. ಎಲ್‌ಇಡಿ ಬಂದ ಮೇಲೆ ಆ ಲೆಕ್ಕ ಮೂಲೆ ಸೇರಿತು. ಡಬ್ಬಿ ತಿರುಗಿಸಿ ಲೂಮೆನ್ ನೋಡಿ, ಅಂದರೆ ದೀಪ ಚೆಲ್ಲುವ ಒಟ್ಟು ಬೆಳಕು. ಲೂಮೆನ್ನೂ ಪೂರಾ ನ್ಯಾಯವಲ್ಲ. ಅದು ಮನುಷ್ಯರ ಕಣ್ಣಿನ ಅಳತೆ, ನಮ್ಮ ಕಣ್ಣು 555 ನ್ಯಾನೋಮೀಟರಿನ ಹಳದಿ ಹಸಿರನ್ನೇ ಜಾಸ್ತಿ ನೋಡುವುದು. ಗಿಡ 400ರಿಂದ 700 ನ್ಯಾನೋಮೀಟರ್ ತನಕದ ಬೆಳಕನ್ನು ಬಳಸುತ್ತದೆ. ಅದನ್ನು ಅಳೆಯುವುದಕ್ಕೆ ಪಾರ್ ಅಂತ ಬೇರೆ ಅಳತೆ, ಅದರ ಮೀಟರ್ ದುಬಾರಿ. ಆದರೆ ಬಿಳಿ ಎಲ್‌ಇಡಿಗಳ ಮಟ್ಟಿಗೆ ಲೂಮೆನ್ ಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ.

ಲೀಟರಿಗೆ 10ರಿಂದ 20 ಲೂಮೆನ್ ಅಂದರೆ ಕಡಿಮೆ ಬೆಳಕು. 20ರಿಂದ 40 ಮಧ್ಯಮ. ಅದರ ಮೇಲೆ ಜೋರು. ಎರಡಡಿ ತೊಟ್ಟಿ ಒಂದಡಿ ಎತ್ತರ ಅಂದರೆ 54 ಲೀಟರ್. ಎರಡಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್, ಅಂದರೆ ಟ್ಯೂಬ್‌ಲೈಟ್ ಥರದ ಉದ್ದ ಪಟ್ಟಿ ದೀಪ, ಸುಮಾರು 1000 ಲೂಮೆನ್ ಕೊಡುತ್ತದೆ. ಒಂದು ಹಾಕಿದರೆ ಲೀಟರಿಗೆ 18. ಎರಡು ಹಾಕಿದರೆ 37. ಮೂರು ಹಾಕಿದರೆ 55, ಅಷ್ಟು ಬೆಳಕಿಗೆ ಗಿಡ ಕೇಳುವ ಕಾರ್ಬನ್ ಡೈಆಕ್ಸೈಡನ್ನು ಸಿಲಿಂಡರಿನಿಂದ ನೀರಿಗೆ ಬಿಡದೆ ನಡೆಯುವುದಿಲ್ಲ. ಬ್ಯಾಟನ್ ಬೆಳಕನ್ನು ಅಕ್ಕಪಕ್ಕಕ್ಕೂ ಚೆಲ್ಲುತ್ತದೆ. ಮೇಲೆ ಬಿಳಿ ಶೀಟಿನದೋ ಅಲ್ಯುಮಿನಿಯಂನದೋ ಹೊದಿಕೆ ಕೊಟ್ಟರೆ ಅದು ತೊಟ್ಟಿಯೊಳಕ್ಕೇ ಬೀಳುತ್ತದೆ. ನನ್ನದರಲ್ಲಿ ಒಂದು ಬ್ಯಾಟನ್ ಪೂರ್ತಿ ಹೊತ್ತು ಉರಿಯುತ್ತದೆ, ಇನ್ನೊಂದು ನಡುವೆ ಒಂದೆರಡು ಗಂಟೆ ಮಾತ್ರ. ಸಿಲಿಂಡರ್ ಇಲ್ಲ. 10 ವ್ಯಾಟಿನದು ದಿನಕ್ಕೆ ಏಳು ಗಂಟೆ ಉರಿದರೆ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ. ದೊಡ್ಡಪ್ಪನಿಗೆ ಈ ಲೆಕ್ಕ ಕೊಟ್ಟ ಮೇಲೆ ಕರೆಂಟಿನ ಮಾತು ಎತ್ತಿಲ್ಲ.

ಇನ್ನೂ ನಿಖರವಾಗಿ ಬೇಕು ಅನ್ನುವವರಿಗೆ ಒಂದು ಉಪಾಯ. ಮೊಬೈಲಿಗೆ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿ, ನೀರು ತುಂಬುವ ಮುಂಚೆ ಖಾಲಿ ತೊಟ್ಟಿಯ ತಳದಲ್ಲಿ ಮಲಗಿಸಿ ಲೈಟ್ ಹಚ್ಚಿ. ಬಂದ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಬಿಳಿ ಎಲ್‌ಇಡಿಯ ಪಾರ್ ಅಂದಾಜು ಸಿಗುತ್ತದೆ. 20ರಿಂದ 40 ಬಂದರೆ ಫರ್ನ್, ಕ್ರಿಪ್ಟೊಕೊರೈನ್ ಖುಷಿಯಾಗಿರುತ್ತವೆ. 80 ದಾಟಿದರೆ ಲೈಟನ್ನು ಮೇಲಕ್ಕೆ ಎತ್ತಿ ತೂಗುಹಾಕಿ. ಮಧ್ಯದಲ್ಲಿ ಒಂದು ಸಲ, ಮೂಲೆಗಳಲ್ಲಿ ಒಂದೊಂದು ಸಲ ನೋಡಿ. ಮೂಲೆಯಲ್ಲಿ ಎಷ್ಟು ಕಡಿಮೆ ಅಂತ ಆಶ್ಚರ್ಯವಾಗುತ್ತದೆ, ಅಲ್ಲಿಗೆ ಅನುಬಿಯಾಸ್ ಇಡಿ.

ಬಣ್ಣ? ಡಬ್ಬಿ ಮೇಲೆ ಕೂಲ್ ಡೇ ಲೈಟ್ 6500ಕೆ ಅಂತ ಇರುವುದು ತಗೊಳ್ಳಿ. 4000ಕೆ ಕೂಡ ಆಗುತ್ತದೆ, ಗಿಡ ಎರಡರಲ್ಲೂ ಬೆಳೆಯುತ್ತದೆ. 3000ಕೆ ಹಾಕಿದರೆ ನೀರು ಟೀ ಬಣ್ಣಕ್ಕೆ ಕಾಣುತ್ತದೆ, ನನಗೆ ಆಗಿಬರುವುದಿಲ್ಲ. ಗ್ರೋ ಲೈಟ್ ಅಂತ ನೇರಳೆ ಬಣ್ಣದ್ದು ಸಿಗುತ್ತದೆ. ಗಿಡಕ್ಕೆ ಕೆಟ್ಟದ್ದಲ್ಲ, ಆದರೆ ಆ ಬಣ್ಣದ ಕೆಳಗೆ ಮೀನು ಗಿಡ ಎಲ್ಲವೂ ಆರ್ಕೆಸ್ಟ್ರಾ ಸ್ಟೇಜಿನ ಮೇಲಿದ್ದ ಹಾಗಾಗುತ್ತದೆ. ರಿಮೋಟ್ ಒತ್ತಿದರೆ ಬಣ್ಣ ಬದಲಾಗುವ ಪಟ್ಟಿ ಲೈಟುಗಳಲ್ಲಿ ಬಣ್ಣ ಜಾಸ್ತಿ, ಬೆಳಕು ಕಡಿಮೆ. ಮಕ್ಕಳಿಗೆ ಬೇಕು ಅಂದರೆ ಕೊಡುತ್ತೇನೆ, ಗಿಡ ಬೆಳೆಯುತ್ತದೆ ಅಂತ ಹೇಳಿ ಕೊಡುವುದಿಲ್ಲ.

ಹೊತ್ತು ಮುಖ್ಯ. ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು, ಹೊಸ ತೊಟ್ಟಿಗೆ ಆರೇ ಇರಲಿ. ಬೆಳಿಗ್ಗೆ ಎದ್ದು ಹಚ್ಚಿ ರಾತ್ರಿ ಮಲಗುವಾಗ ಆರಿಸುವವರ ತೊಟ್ಟಿ ಪಾಚಿ ಸಾಕಣೆ ಕೇಂದ್ರ. ಟೈಮರ್ ಹಾಕಿ. ಹಲ್ಲು ಒತ್ತುವ ಮೆಕ್ಯಾನಿಕಲ್ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಾಗ ಅದೂ ನಿಂತಿರುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋದರೂ ಸ್ವಲ್ಪ ದಿನದಲ್ಲೇ ಸಂಜೆ ಹತ್ತಬೇಕಾದ ಲೈಟ್ ಮಧ್ಯರಾತ್ರಿ ಹತ್ತುತ್ತದೆ. ಒಳಗೆ ಪುಟ್ಟ ಬ್ಯಾಟರಿ ಇರುವ ಡಿಜಿಟಲ್ ಟೈಮರಿಗೆ ಆ ತಾಪತ್ರಯ ಇಲ್ಲ. ನಮ್ಮೂರಿಗೆ ಅದೇ ಸರಿ. ತೊಟ್ಟಿಯನ್ನು ಕಿಟಕಿ ಬಿಸಿಲಿಗೆ ಇಡಬೇಡಿ, ಬಿಸಿಲಿಗೆ ಟೈಮರ್ ಹಾಕೋಕಾಗಲ್ಲ. ಬೇಸಿಗೆಯಲ್ಲಿ ನೀರು ಬೇರೆ ಕಾಯುತ್ತದೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ.

ಮೇಲೆ ಗಾಜಿನ ಮುಚ್ಚಳ ಇದ್ದರೆ ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಗಡಸು ನೀರು ಹಾರಿ ಒಣಗಿ ಬಿಳಿ ಚುಕ್ಕೆ ಚುಕ್ಕೆಯಾಗಿ ಕಟ್ಟಿರುತ್ತದೆ. ಲೈಟ್ ಹಳೇದಾಯಿತು, ಬದಲಿಸಿ ಅಂತ ಬರುವವರಿಗೆ ನಾನು ಮೊದಲು ಗಾಜು ಒರೆಸಿ ನೋಡಿ ಅನ್ನುತ್ತೇನೆ. ಮೊದಲೇ ತಂದಿಟ್ಟ ವಿನೆಗರ್ ಇದೆಯಲ್ಲ, ಅದನ್ನೇ ಬಟ್ಟೆಗೆ ಹಾಕಿ ಉಜ್ಜಿ.

ಇನ್ನೊಂದು ಮಾತನ್ನು ಎಲೆಕ್ಟ್ರಿಕಲ್ ಅಂಗಡಿಯವನಾಗಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಯೂಟ್ಯೂಬ್ ನೋಡಿ ಬ್ಯಾಟನ್ ಬಿಚ್ಚಿ, ಒಳಗಿನ ಎಲ್‌ಇಡಿ ಪಟ್ಟಿ ಕಿತ್ತು ಮುಚ್ಚಳದ ಅಡಿಗೆ ಅಂಟಿಸುವವರಿದ್ದಾರೆ. ಮಾಡಬೇಡಿ. ಅಗ್ಗದ ಬ್ಯಾಟನ್‌ಗಳ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಸರ್ಕ್ಯೂಟ್, ಬಹಳಷ್ಟು ಸಲ ಐಸೊಲೇಟೆಡ್ ಅಲ್ಲ. ಅಂದರೆ ಎಲ್‌ಇಡಿ ಪಟ್ಟಿಗೂ 230 ವೋಲ್ಟ್ ಲೈನಿಗೂ ನಡುವೆ ಬೇಲಿ ಇಲ್ಲ. ಪ್ಲಾಸ್ಟಿಕ್ ಕವಚವೇ ಅದರ ರಕ್ಷಣೆ. ಅದನ್ನು ಬಿಚ್ಚಿ ನೀರಿನ ಮೇಲೆ ತೂಗುಹಾಕಿದರೆ ಕೈ ಅದ್ದಿದವರ ಗತಿ ಯೋಚಿಸಿ. ಬ್ಯಾಟನ್ ಹಾಕುವುದಾದರೆ ಗಾಜಿನ ಮುಚ್ಚಳದ ಮೇಲೆ, ಬಿಚ್ಚದೆ. ಮುಚ್ಚಳ ಇಲ್ಲದ ತೊಟ್ಟಿಗೆ ನೀರು ಸಿಡಿದರೂ ತಡೆಯುವ ಐಪಿ65 ಫ್ಲಡ್ ಲೈಟ್ ತಗೊಳ್ಳಿ. ಅದರ ಮೈ ಅಲ್ಯುಮಿನಿಯಂ, ಮೂರು ವೈರ್ ಬಂದಿರುತ್ತದೆ. ಹಸಿರು ವೈರನ್ನು ಮಡಚಿ ಟೇಪ್ ಸುತ್ತಿ ಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದು ಅರ್ಥಿಂಗ್, ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿ. ಯಾವ ವೈರೇ ಆಗಲಿ, ತೊಟ್ಟಿಯಿಂದ ಬಂದು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗಿ ಪ್ಲಗ್ ಸೇರಬೇಕು. ಆಗ ವೈರ್ ಗುಂಟ ಇಳಿದ ಹನಿ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿನೊಳಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಅಕ್ವೇರಿಯಂ ಲೈಟಿಗಿಂತ ಮೊದಲು ಅದನ್ನು ಹಾಕಿಸಿ. ಕೈ ಅದ್ದುವ ಮುಂಚೆ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು.

ಕಾರ್ಬನ್ ಡೈಆಕ್ಸೈಡ್ ಬಗ್ಗೆ ಬೇರೆಯದೇ ಬರೆಯಬೇಕು, ಅಷ್ಟಿದೆ. ಸದ್ಯಕ್ಕೆ ಇಷ್ಟು. ಸುಮ್ನೆ ಬಿಟ್ಟ ನೀರಿನಲ್ಲಿ ಅದು ಲೀಟರಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ, ಸಿಲಿಂಡರ್ ಹಾಕಿದವರು 30ರ ಆಸುಪಾಸು ಇಡುತ್ತಾರೆ. ಅಡುಗೆ ಸೋಡಾ, ಸಿಟ್ರಿಕ್ ಆಸಿಡ್ ಬಾಟಲಿಯಲ್ಲೂ ಮಾಡುತ್ತಾರೆ. ಇದ್ಯಾವುದೂ ಇಲ್ಲದವರು ಬೆಳಕನ್ನು ಲೀಟರಿಗೆ 20 ಲೂಮೆನ್ ಸುತ್ತಮುತ್ತ ಇಟ್ಟು, ಗಿಡ ನಿಧಾನಕ್ಕೆ ಬೆಳೆಯಲಿ ಅಂತ ಬಿಡಿ.

ಮಣ್ಣು ಹಾಕಿದ ಹೊಸ ತೊಟ್ಟಿಗೆ ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ಬಿಡಿ. ಮೊದಲ ದಿನವೇ ಗಿಡ ಒತ್ತಾಗಿ ನೆಡಿ. ಒಂದೊಂದೇ ತಂದು ಸೇರಿಸೋಣ ಅಂದರೆ ಆ ಸಂದಿಗೆಲ್ಲ ಪಾಚಿ ಬಂದು ಕೂರುತ್ತದೆ. ಶುರುವಿನಲ್ಲಿ ಎಲೆ ಮೇಲೆ ಕಂದು ಧೂಳು ಕೂತರೆ ಗಾಬರಿ ಬೇಡ, ಅದು ಡಯಾಟಮ್ ಅನ್ನುವ ಕಂದು ಪಾಚಿ, ತಾನೇ ಹೋಗುತ್ತದೆ. ಕ್ರಿಪ್ಟೊಕೊರೈನ್ ನೆಟ್ಟ ವಾರದೊಳಗೆ ಎಲೆಯೆಲ್ಲ ಕರಗಿ ಬಿದ್ದರೂ ಬೇರು ಕೀಳಬೇಡಿ, ಮತ್ತೆ ಚಿಗುರುತ್ತದೆ. ಮೀನು ಬಿಡುವುದು ಅಮೋನಿಯಾ ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ಮೇಲೆ, ನಾಲ್ಕೈದು ವಾರ ಹಿಡಿದರೂ ಪರವಾಗಿಲ್ಲ.

ಒಮ್ಮೆ ಹತ್ತಿಕೊಂಡರೆ ಕಡ್ಡಿ ಗಿಡಗಳನ್ನು ಕತ್ತರಿಸುತ್ತಲೇ ಇರಬೇಕು. ಕತ್ತರಿಸಿದ್ದನ್ನು ನಾಲೆಗೋ ಕೆರೆಗೋ ಎಸೆಯಬೇಡಿ, ಹೊರಗಿನ ಜಾತಿ ಗಿಡ ಅಲ್ಲಿ ಹಬ್ಬಿದರೆ ತೆಗೆಯುವವರಿಲ್ಲ. ನನ್ನ ತೊಟ್ಟಿಯಲ್ಲಿ ಹೆಚ್ಚಾದ ಹೈಗ್ರೊಫಿಲ, ವ್ಯಾಲಿಸ್ನೇರಿಯ ಮರಿಗಳನ್ನು ಭಾನುವಾರ ಬೆಳಿಗ್ಗೆ ತೆಗೆದು ಬಕೆಟ್ಟಿಗೆ ಹಾಕಿರುತ್ತೇನೆ. ಬೇಕಾದವರು ಬಂದು ತಗೊಂಡು ಹೋಗಿ, ದುಡ್ಡು ಬೇಡ. ನೀರು ಸೋರದ ಕವರ್ ಮಾತ್ರ ನೀವೇ ತನ್ನಿ, ಹೋದ ಸಲ ಒಬ್ಬರು ಪೇಪರಿನಲ್ಲಿ ಸುತ್ತಿಸಿಕೊಂಡು ಹೋಗುವಾಗ ನನ್ನ ಸ್ವಿಚ್ ಬೋರ್ಡುಗಳ ಮೇಲೆಲ್ಲ ನೀರು ತೊಟ್ಟಿಕ್ಕಿಸಿದರು.